ಫೋಟೊ ಆಮೇಲೆ ತೋರಿಸಿ, ಮೊದಲು ಮಳೆಗಾಲದ ಕಥೆ ಹೇಳಿ

ಮನೆ ಕಟ್ಟಿಸಬೇಕು ಅಂತ ನನ್ನ ಆಫೀಸಿಗೆ ಬರುವವರಲ್ಲಿ ಹೆಚ್ಚಿನವರು ಕುರ್ಚಿಯಲ್ಲಿ ಸರಿಯಾಗಿ ಕೂರುವ ಮೊದಲೇ ಫೋನ್ ಮುಂದೆ ಹಿಡಿಯುತ್ತಾರೆ. ಅದರಲ್ಲಿ ಎಲ್ಲಿಯದೋ ಒಂದು ಮನೆ. ಚಪ್ಪಟೆ ತಾರಸಿ, ನೆಲದಿಂದ ಮೇಲಿನವರೆಗೂ ಗಾಜು, ಒಂದು ಮೋಡವೂ ಇಲ್ಲದ ಆಕಾಶ. ‘ಇದೇ ಥರ ಬೇಡ ಸರ್, ಸುಮ್ನೆ ಒಂದು ಐಡಿಯಾಕ್ಕೆ ಇರಲಿ ಅಂತ’ ಎನ್ನುತ್ತಾರೆ. ಈ ಮಾತು ಕೇಳಿದಾಗೆಲ್ಲ ನನ್ನ ತಾಳ್ಮೆ ಕೆಡುತ್ತದೆ. ನೋಡಿದ ಚಿತ್ರ ತಲೆಯೊಳಗೆ ತೆಪ್ಪಗೆ ಕೂರುವುದಿಲ್ಲ. ಅದು ಕೆಲಸ ಶುರು ಮಾಡಿಬಿಟ್ಟಿರುತ್ತದೆ, ನಮಗೆ ಗೊತ್ತಾಗದ ಹಾಗೆ.

ತೀರ್ಥಹಳ್ಳಿ, ಹೊಸನಗರದ ಕಡೆ ಚಪ್ಪಟೆ ತಾರಸಿಯ ಗತಿ ಏನಾಗುತ್ತದೆ ಅಂತ ಇಲ್ಲಿಯವರಿಗೆ ನಾನು ಹೇಳಬೇಕಿಲ್ಲ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್‌ಗೂ ಜಾಸ್ತಿ ಮಳೆ. ಆರ್‌ಸಿಸಿ ಹಾಕಿಸಿ, ಸೋರಲು ಶುರುವಾದ ಮೇಲೆ ಅದರ ಮೇಲೊಂದು ಕಬ್ಬಿಣದ ಟ್ರಸ್ ನಿಲ್ಲಿಸಿ, ಶೀಟು ಹೊದಿಸಿದ ಮನೆಗಳು ಊರೂರಲ್ಲೂ ಇವೆ. ಒಂದೇ ಮನೆಯ ಮಾಡಿಗೆ ಎರಡು ಸಲ ದುಡ್ಡು. ಫೋಟೊ ತಂದವರಿಗೂ ಇದು ಚೆನ್ನಾಗಿ ಗೊತ್ತು. ಗೊತ್ತಿದ್ದೂ ಕೈ ಯಾಕೆ ಆ ಕಡೆಗೇ ಹೋಗುತ್ತದೆ ಅನ್ನುವುದರ ಬಗ್ಗೆ ಹೇಳಬೇಕು.

1991ರಲ್ಲಿ ಅಮೆರಿಕದ ಡೇವಿಡ್ ಜಾನ್ಸನ್ ಮತ್ತು ಸ್ಟೀವನ್ ಸ್ಮಿತ್ ಒಂದು ಸಂಶೋಧನೆ ಪ್ರಕಟಿಸಿದರು. ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಅವರು ಕೊಟ್ಟ ಲೆಕ್ಕಗಳಲ್ಲಿ ಒಂದು ಹೀಗಿತ್ತು: ಕಾಫಿ ಚೆಲ್ಲದಂಥ, ಅಗ್ಗದ ಕಪ್ ಒಂದನ್ನು ವಿನ್ಯಾಸ ಮಾಡಿ. ಒಂದು ಗುಂಪಿಗೆ ಬರೀ ಲೆಕ್ಕ. ಇನ್ನೊಂದು ಗುಂಪಿಗೆ ಲೆಕ್ಕದ ಜೊತೆ ಒಂದು ಮಾದರಿ ಚಿತ್ರ. ಆ ಮಾದರಿಯಲ್ಲಿ ಸ್ಟ್ರಾ ಇತ್ತು. ಆದರೆ ನಿಮ್ಮ ವಿನ್ಯಾಸದಲ್ಲಿ ಸ್ಟ್ರಾ ಬಳಸಬೇಡಿ ಅಂತ ಸೂಚನೆಯಲ್ಲೇ ಸ್ಪಷ್ಟವಾಗಿ ಹೇಳಿದ್ದರು. ಆದರೂ ಚಿತ್ರ ನೋಡಿದವರ ನಕ್ಷೆಗಳಲ್ಲೇ ಸ್ಟ್ರಾ ಜಾಸ್ತಿ ಬಂತು. ಮಾದರಿಗಳಲ್ಲಿದ್ದ ದೋಷಗಳೂ ಜೊತೆಗೇ ಬಂದವು. ವಿದ್ಯಾರ್ಥಿಗಳಾದ್ದರಿಂದ ಹೀಗಾಯ್ತು ಅನ್ನಬೇಡಿ, ಕಸುಬಿನಲ್ಲಿರುವ ಎಂಜಿನಿಯರುಗಳ ಮೇಲೆ ಮಾಡಿದ ಪ್ರಯೋಗದಲ್ಲೂ ಇದೇ ಅಂಟು ಕಂಡಿತು.

ದಯವಿಟ್ಟು ಇಲ್ಲಿ ಸ್ವಲ್ಪ ನಿಲ್ಲಿ. ನಾನು ಎಷ್ಟು ಸಲ ಹೇಳಿದರೂ ಜನ ತಪ್ಪು ತಿಳಿಯುವುದು ಇದನ್ನೇ. ‘ಬೇಡ’ ಅಂತ ಮೊದಲೇ ತೀರ್ಮಾನ ಮಾಡಿಕೊಂಡರೆ ಚಿತ್ರದಿಂದ ತೊಂದರೆ ಇಲ್ಲ ಅಂದುಕೊಳ್ಳುತ್ತಾರೆ. ತೊಂದರೆ ಇದೆ. ನೀವು ತಾರಸಿ ಬೇಡ ಅಂತ ನಿರ್ಧರಿಸಿರಬಹುದು. ಆದರೆ ಆ ಚಿತ್ರದ ಜೊತೆ ಬಂದ ಇನ್ನೂ ಹತ್ತು ಸಂಗತಿಗಳ ಬಗ್ಗೆ ನೀವು ಏನನ್ನೂ ನಿರ್ಧರಿಸಿಲ್ಲ, ಯಾಕೆಂದರೆ ಅವು ಇವೆ ಅಂತಲೇ ನಿಮ್ಮ ಗಮನಕ್ಕೆ ಬಂದಿಲ್ಲ. ಗೋಡೆಗೆ ಸರಿಯಾಗಿ ಕತ್ತರಿಸಿದ ಮಾಡು. ಹೆಬ್ಬಾಗಿಲು ದಾಟಿದ ಕೂಡಲೇ ಸೋಫಾ. ಇನ್ನೂ ಮುಖ್ಯವಾದದ್ದು, ಚಿತ್ರದಲ್ಲಿ ಇಲ್ಲದ್ದು ಪ್ಲಾನಿನಲ್ಲೂ ಬರುವುದಿಲ್ಲ. ಒದ್ದೆ ಕೊಡೆ ಇಡುವ ಜಾಗ, ಕೆಸರು ಕಾಲು ತೊಳೆಯುವ ಜಾಗ, ಸೌದೆ ಒಟ್ಟುವ ಜಾಗ, ಬಚ್ಚಲುಮನೆಯ ಒಲೆ. ಇದ್ಯಾವುದೂ ಬೇಡ ಅಂತ ಯಾರೂ ಹೇಳಿರುವುದಿಲ್ಲ. ಸುಮ್ಮನೆ ಬಿಟ್ಟುಹೋಗಿರುತ್ತವೆ. ಗೃಹಪ್ರವೇಶ ಆಗಿ ಮೊದಲ ಆಷಾಢ ಬಂದಾಗ ನೆನಪಾಗುತ್ತವೆ.

‘ಹಾಗಾದ್ರೆ ಚಿತ್ರದ ಪ್ರಭಾವ ಆಗಿದ್ರೆ ನಮಗೆ ಗೊತ್ತಾಗಲ್ವಾ ಸರ್?’ ಅಂತ ಕೇಳುತ್ತಾರೆ. ಇದಕ್ಕೆ ಉತ್ತರ 1931ರಷ್ಟು ಹಳೆಯದು. ಮಿಶಿಗನ್ ವಿಶ್ವವಿದ್ಯಾಲಯದ ನಾರ್ಮನ್ ಮೇಯರ್ ಒಂದು ಕೋಣೆಯ ಮಾಡಿನಿಂದ ಎರಡು ಹಗ್ಗ ಇಳಿಬಿಟ್ಟರು. ಎರಡರ ತುದಿಯನ್ನೂ ಸೇರಿಸಿ ಕಟ್ಟಬೇಕು. ಆದರೆ ಒಂದನ್ನು ಹಿಡಿದು ಹೋದರೆ ಇನ್ನೊಂದು ಕೈಗೆ ಸಿಗದಷ್ಟು ದೂರ. ಕೋಣೆಯಲ್ಲಿ ಇಕ್ಕಳ, ಕೋಲು, ಬೇರೆ ಸಾಮಾನು ಇದ್ದವು. ಒಂದು ಹಗ್ಗದ ತುದಿಗೆ ಇಕ್ಕಳದಂಥ ಭಾರ ಕಟ್ಟಿ ತೂಗಿಬಿಟ್ಟು, ಅದು ಈ ಕಡೆ ಬಂದಾಗ ಹಿಡಿದುಕೊಳ್ಳುವುದು ಅವರಿಗೆ ಬೇಕಿದ್ದ ಉತ್ತರ. ಅದು ಎಷ್ಟೋ ಜನರಿಗೆ ಹೊಳೆಯಲಿಲ್ಲ. ಆಗ ಮೇಯರ್ ಕೋಣೆಯಲ್ಲಿ ಓಡಾಡುತ್ತಾ, ಆಕಸ್ಮಿಕವೋ ಎಂಬಂತೆ, ಒಂದು ಹಗ್ಗಕ್ಕೆ ತಾಗಿ ಅದು ಅಲ್ಲಾಡುವ ಹಾಗೆ ಮಾಡಿದರು. ಸಾಮಾನ್ಯವಾಗಿ ಒಂದು ನಿಮಿಷವೂ ಆಗುವ ಮೊದಲೇ ಉತ್ತರ ಹೊಳೆಯಿತು.

ಹೇಗೆ ಹೊಳೆಯಿತು ಅಂತ ಕೇಳಿದರೆ ಹೆಚ್ಚಿನವರು ಹಗ್ಗ ಅಲ್ಲಾಡಿದ್ದನ್ನು ಹೇಳಲೇ ಇಲ್ಲ. ತಾನಾಗೇ ಹೊಳೆಯಿತು ಅಂದರು. ಮನಃಶಾಸ್ತ್ರದ ಪ್ರೊಫೆಸರ್ ಒಬ್ಬರು, ಕೋತಿಗಳು ಮರದಿಂದ ಜೋತಾಡಿಕೊಂಡು ಹೊಳೆ ದಾಟುವ ದೃಶ್ಯ ಕಣ್ಣಿಗೆ ಬಂತು ಅಂದರು. ಮೇಯರ್ ಕೆಲವರಿಗೆ ಉಪಯೋಗವಿಲ್ಲದ ಒಂದು ಸುಳಿವನ್ನೂ ತೋರಿಸಿದ್ದರು, ದಾರಕ್ಕೆ ಭಾರ ಕಟ್ಟಿ ಗಿರಗಿರ ತಿರುಗಿಸುವುದು. ಅದನ್ನು ನೋಡಿ ಯಾರಿಗೂ ಉತ್ತರ ಸಿಕ್ಕಿರಲಿಲ್ಲ, ಆಮೇಲೆ ಹಗ್ಗ ಅಲ್ಲಾಡಿದ್ದನ್ನು ಕಂಡ ಮೇಲಷ್ಟೇ ಸಿಕ್ಕಿತ್ತು. ಆದರೆ ಆಮೇಲೆ ಕೇಳಿದಾಗ ಅವರು ತಮಗೆ ನೆರವಾದದ್ದು ಅದೇ ಅಂದರು. ಅಂದರೆ ದಾರಿ ತೋರಿಸಿದ್ದು ಒಂದು, ಹೆಸರು ಬಂದದ್ದು ಇನ್ನೊಂದಕ್ಕೆ. ಪ್ರಾಮಾಣಿಕವಾಗಿಯೇ ಹೇಳಿದ್ದರು, ಸುಳ್ಳೇನಲ್ಲ.

ಇಂಥದ್ದು ನನ್ನ ಕಣ್ಣೆದುರೇ ನಡೆದಿದೆ. ಹೊಸನಗರದ ಕಡೆಯ ಒಂದು ಅಡಿಕೆ ತೋಟದ ಮನೆ. ಮಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದ, ತುಂಬ ಒಳ್ಳೆಯ ಹುಡುಗ, ಅಪ್ಪ ಅಮ್ಮನಿಗೆ ಚಂದದ ಮನೆ ಕಟ್ಟಿಸಬೇಕು ಅನ್ನುವ ಆಸೆ. ಫೋಟೊ ಕಳಿಸಿದ, ಚಪ್ಪಟೆ ಮಾಡು ಬೇಡ ಅಂತಲೂ ಹೇಳಿದ. ತಾನೇ ಕೂತು ನಕ್ಷೆಗಳನ್ನೂ ಬರೆದಿದ್ದ. ಎಲ್ಲದರಲ್ಲೂ ಮಾಡು ಇಳಿಜಾರೇ ಇತ್ತು. ಆದರೆ ಹೊರಗೆ ಚಾಚಬೇಕಾದ ಕಡೆ ಗೋಡೆಗೇ ನಿಂತುಬಿಟ್ಟಿತ್ತು, ಥೇಟ್ ಫೋಟೊದಲ್ಲಿದ್ದ ಹಾಗೆ. ಇರಚಲಿಗೆ ಗೋಡೆ ಏನಾಗುತ್ತದೆ ಅಂತ ಆ ಊರಲ್ಲಿ ಹುಟ್ಟಿದವನಿಗೆ ಹೇಳಿಕೊಡಬೇಕಾ?

ಅವನು ರಜೆಗೆ ಬಂದಾಗ, ಮಳೆ ಜೋರಾಗಿದ್ದ ಹೊತ್ತಲ್ಲೇ, ನಾನು ಅವರ ಹಳೆಯ ಮನೆಗೆ ಹೋದೆ. ‘ಮಳೆಗಾಲದಲ್ಲಿ ಬಟ್ಟೆ ಎಲ್ಲಿ ಒಣಗಿಸ್ತೀರಿ ಅಮ್ಮ?’ ಅಂದೆ. ‘ಎಂತ ಒಣಗೋದು ಬಿಡಿ ಮಾರಾಯ್ರೆ’ ಅಂತ ನಕ್ಕರು. ಮಾತಾಡುತ್ತಲೇ ಅವರು ಆಗಾಗ ಎದ್ದು ಹೋಗಿ, ಬಚ್ಚಲುಮನೆಯ ಹೊರಗೋಡೆಗೆ ತಾಗಿ ಕಟ್ಟಿದ ಹಗ್ಗದ ಮೇಲಿನ ಬಟ್ಟೆಗಳನ್ನು ತಿರುವಿ ಹಾಕಿ ಬರುತ್ತಿದ್ದರು. ಒಳಗೆ ಹಂಡೆಗೆ ಬೆಂಕಿ, ಗೋಡೆ ಬೆಚ್ಚಗಿತ್ತು. ಮಗ ಕಾಗದದಿಂದ ತಲೆ ಎತ್ತಿ ಒಂದೆರಡು ಸಲ ಆ ಕಡೆ ನೋಡಿದ್ದನ್ನು ನಾನು ಗಮನಿಸಿದೆ. ಸ್ವಲ್ಪ ಹೊತ್ತಿಗೆ ಅವನೇ ಅಂದ, ‘ಸರ್, ಬಚ್ಚಲುಮನೆ ಗೋಡೆ ಉದ್ದಕ್ಕೂ ಒಂದು ಜಗಲಿ ಮಾಡಿ, ಮಾಡನ್ನ ಅಲ್ಲಿವರೆಗೂ ಇಳಿಸಿದ್ರೆ ಹೆಂಗೆ?’ ಆ ಮನೆಯ ಅತಿ ಒಳ್ಳೆಯ ಯೋಚನೆ ಅದು. ಗೋಡೆ ಉಳಿಯಿತು, ಬಟ್ಟೆ ಒಣಗಲು ಜಾಗ ಆಯಿತು, ಸೌದೆಗೂ ಆಯಿತು, ಕೊಯ್ಲಿನ ಹೊತ್ತಿಗೆ ಕೂತು ಅಡಿಕೆ ಸುಲಿಯಲೂ ಆಯಿತು.

ಇದು ಎಲ್ಲಿಂದ ಹೊಳೆಯಿತು ಅಂತ ಕೇಳಿದೆ. ಫೋನ್ ತೆಗೆದು ಅದೇ ಫೋಟೊ ತೋರಿಸಿದ. ‘ಇದರಲ್ಲೇ ಇದೆಯಲ್ಲ ಸರ್.’ ಅದರಲ್ಲಿ ಇದ್ದದ್ದು ಈಜುಕೊಳದ ಪಕ್ಕ, ಬಯಲಲ್ಲಿ, ಒಂದು ಮರದ ಕಟ್ಟೆ. ಅಮ್ಮನಿಂದಲೇ ಬಂತು ಅಂತ ನಾನು ಆಣೆ ಮಾಡಿ ಹೇಳಲಾರೆ. ಇನ್ನೊಬ್ಬರ ತಲೆಯೊಳಗೆ ಏನು ನಡೆಯಿತು ಅಂತ ಹೊರಗೆ ಕೂತು ಖಚಿತವಾಗಿ ಹೇಳುವುದು ಕಷ್ಟ. ಆದರೆ ಮೇಯರ್ ಪ್ರಯೋಗ ಓದಿದ ಮೇಲೆ ನನಗೆ ಅಮ್ಮನ ಮೇಲೇ ಅನುಮಾನ.

ಇದನ್ನೆಲ್ಲ ಹೇಳಿದರೆ ಕೆಲವರು ಇನ್ನೊಂದು ತುದಿಗೆ ಹೋಗುತ್ತಾರೆ. ಮಗಳ ಓದುವ ಕೋಣೆಗೆ ಯಾವ ಬಣ್ಣ ಹೊಡೆದರೆ ಬುದ್ಧಿ ಚುರುಕಾಗುತ್ತದೆ, ಎಂಥ ಬಲ್ಬ್ ಹಾಕಿದರೆ ಐಡಿಯಾ ಬರುತ್ತದೆ ಅಂತ ಕೇಳುತ್ತಾರೆ. ಬೆಳಗುವ ಬಲ್ಬ್ ಕಂಡರೆ ಒಗಟು ಬೇಗ ಬಿಡಿಸುತ್ತಾರೆ ಅನ್ನುವ ಅಧ್ಯಯನ 2010ರಲ್ಲಿ ಬಂದದ್ದು ನಿಜ. ಆದರೆ ಇಂಥ ಸೂಕ್ಷ್ಮ ಸುಳಿವುಗಳ ಅಧ್ಯಯನಗಳ ಮೇಲೆ ದುಡ್ಡು ಹಾಕಬೇಡಿ ಅಂತಲೇ ನನ್ನ ಸಲಹೆ. 1996ರ ಒಂದು ಹೆಸರಾಂತ ಅಧ್ಯಯನದಲ್ಲಿ ಮುಪ್ಪಿಗೆ ಸಂಬಂಧಿಸಿದ ಪದಗಳನ್ನು ಓದಿದ ವಿದ್ಯಾರ್ಥಿಗಳು ನಿಧಾನವಾಗಿ ನಡೆದರು ಅಂತ ಬಂದಿತ್ತು. 2012ರಲ್ಲಿ ಬ್ರಸೆಲ್ಸ್‌ನವರು ಯಂತ್ರದಿಂದ ಸಮಯ ಅಳೆದು ಮತ್ತೆ ಮಾಡಿದಾಗ ಹಾಗೆ ಆಗಲಿಲ್ಲ. ಪ್ರಯೋಗ ಮಾಡಿಸುವವರೇ ‘ಇವರು ನಿಧಾನವಾಗುತ್ತಾರೆ’ ಅಂತ ನಂಬಿದ್ದಾಗ ಮಾತ್ರ ನಿಧಾನವಾದರು. ಓದುವ ಕೋಣೆಗೆ ಗಾಳಿ ಬೆಳಕು ಚೆನ್ನಾಗಿರಲಿ, ಗೋಡೆ ಬೂಷ್ಟು ಹಿಡಿಯದಿರಲಿ. ಬಣ್ಣ ಮಗಳಿಗೆ ಇಷ್ಟವಾದದ್ದು ಹೊಡೆಸಿ.

ಹೊಸದು ಬೇಡ, ಅಜ್ಜನ ಕಾಲದ ಹಾಗೇ ಕಟ್ಟಿ ಅಂತ ನಾನು ಹೇಳುತ್ತಿಲ್ಲ. ನಾವು ನಮ್ಮದೇ ಅಂದುಕೊಂಡ ಮಂಗಳೂರು ಹಂಚು ಕೂಡ ಹೊರಗಿನಿಂದ ಬಂದವರ ಕೈಯಲ್ಲಿ ಶುರುವಾದದ್ದು. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಕಾರ್ಖಾನೆ ತೆರೆದರು. ಮಲೆನಾಡಿಗೆ ಅದು ಬಂದು ಉಳಿಯಿತು, ಯಾಕೆಂದರೆ ಇಲ್ಲಿಯ ಮಳೆಗೆ ಅದು ಸರಿಯಾದ ಉತ್ತರವಾಗಿತ್ತು.

ಹಾಗಾಗಿ ನಾನು ಕೇಳುವುದು ಕ್ರಮ ಬದಲಿಸಿ ಅಂತ, ಅಷ್ಟೇ. ಮೊದಲ ಸಲ ಬರುವಾಗ ನಿಮ್ಮ ಹಳೆಯ ಮನೆಯ ತೊಂದರೆಗಳನ್ನು ಬರೆದು ತನ್ನಿ. ಎಲ್ಲಿ ಸೋರುತ್ತದೆ, ಯಾವ ಗೋಡೆ ಹಸಿ, ಅಡಿಕೆ ಎಲ್ಲಿ ಒಣಗುತ್ತದೆ, ಅಜ್ಜಿ ರಾತ್ರಿ ಎದ್ದರೆ ಎಷ್ಟು ಮೆಟ್ಟಿಲು. ಮನೆಯಲ್ಲಿ ಕೆಲಸ ಮಾಡುವವರನ್ನು ಕರೆದುಕೊಂಡು ಬನ್ನಿ, ಅವರು ಮಾತಾಡಲಿ. ಈಗಾಗಲೇ ಫೋಟೊ ನೋಡಿ ತಲೆ ತುಂಬಿಸಿಕೊಂಡಿದ್ದರೆ ಕೆಲವು ವಾರ ಪ್ಲಾನಿನ ಸುದ್ದಿಗೇ ಹೋಗಬೇಡಿ. ಮೇಲೆ ಹೇಳಿದ ಸ್ಟೀವನ್ ಸ್ಮಿತ್ ಇದರ ಬಗ್ಗೆಯೂ ಕೆಲಸ ಮಾಡಿದ್ದಾರೆ. ನಡುವೆ ಬಿಡುವು ಕೊಟ್ಟರೆ ತಪ್ಪು ಸುಳಿವಿನ ಹಿಡಿತ ಸಡಿಲವಾಗುತ್ತದೆ ಅನ್ನುವುದು ಅವರ ವಾದ. ಎಲ್ಲರಿಗೂ ಒಂದೇ ಥರ ಕೆಲಸ ಮಾಡುತ್ತದೆ ಅಂತ ಹೇಳಲಾರೆ. ಮಾಡಿ ನೋಡುವುದಕ್ಕೆ ಖರ್ಚಂತೂ ಇಲ್ಲ.

ನಾನು ಒಂದು ಕಚ್ಚಾ ನಕ್ಷೆ ಹಾಕಿದ ಮೇಲೆ ಫೋಟೊ ತೋರಿಸಿ, ಬೇಕಾದಷ್ಟು ತೋರಿಸಿ, ಇಬ್ಬರೂ ಕೂತು ನೋಡೋಣ. ಒಂದೇ ಫೋಟೊ ಬೇಡ, ಒಂದಕ್ಕೊಂದು ಹೋಲದ ಏಳೆಂಟು ಇರಲಿ. ಅಲ್ಲಿವರೆಗೆ ಮೇಸ್ತ್ರಿಗೂ ಕಳಿಸಬೇಡಿ. ಅವರ ತಲೆಯೂ ನಮ್ಮ ಹಾಗೆಯೇ ಕೆಲಸ ಮಾಡುತ್ತದೆ, ಮತ್ತು ಪಾಯ ತೆಗೆದ ಮೇಲೆ ಗೋಡೆ ಸರಿಸಲು ನನ್ನಿಂದ ಆಗುವುದಿಲ್ಲ.