ರಸ್ತೆ ಬೇರೆಯವರದ್ದು, ಮನೆ ನಮ್ಮದು: ಹಾಗಾದರೆ ತೀರ್ಮಾನ ಯಾರದ್ದು?

ಓದುಗರ ಪ್ರಶ್ನೆ: "ನಮ್ಮ ಬಡಾವಣೆಯ ಒಳರಸ್ತೆ ಸರ್ಕಾರದ್ದಲ್ಲ, ಬಡಾವಣೆ ಮಾಡಿದವರ ಹೆಸರಿನಲ್ಲೇ ಇದೆ. ಈಗ ಸಂಘದ ಸಭೆಯಲ್ಲಿ ಗೇಟು ಹಾಕಬೇಕು, ಡಾಂಬರಿಗೆ ಎಲ್ಲರೂ ದುಡ್ಡು ಕೊಡಬೇಕು ಅಂತ ಬಹುಮತದಿಂದ ತೀರ್ಮಾನ ಆಗಿದೆ. ರಸ್ತೆ ನಮ್ಮದೇ ಅಲ್ಲ ಅಂದ ಮೇಲೆ ನಮಗೆ ಹಕ್ಕು ಇದೆಯಾ? ನಾವು ಒಪ್ಪದಿದ್ದರೂ ಈ ತೀರ್ಮಾನ ನಮಗೆ ಅನ್ವಯಿಸುತ್ತಾ?"

ಹಕ್ಕು ಇರುತ್ತದೆ. ಆದರೆ ತೀರ್ಮಾನ ಅನ್ವಯಿಸುತ್ತಾ ಅನ್ನೋದಕ್ಕೆ ಒಂದೇ ಮಾತಿನ ಉತ್ತರ ಇಲ್ಲ, ಯಾಕೆಂದರೆ ಗೇಟಿನ ವಿಷಯ ಬೇರೆ, ಡಾಂಬರಿನ ವಿಷಯ ಬೇರೆ. ಸಭೆಯಲ್ಲಿ ಎರಡಕ್ಕೂ ಒಟ್ಟಿಗೆ ಕೈ ಎತ್ತಿಸಿದ್ದಾರೆ, ಅಷ್ಟೇ.

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳೋಣ. ನೆಲದ ಒಡೆತನ ಬೇರೆ, ಆ ನೆಲದ ಮೇಲೆ ಓಡಾಡುವ ಹಕ್ಕು ಬೇರೆ. ರಸ್ತೆ ಯಾರ ಹೆಸರಿನಲ್ಲಾದರೂ ಇರಲಿ, ನಿಮ್ಮ ಸೈಟಿಗೆ ದಾರಿ ಹಕ್ಕು ಅಂತ ಒಂದು ಸಲ ಬಂದರೆ ಅದು ಸೈಟಿನ ಜೊತೆಗೇ ಇರುತ್ತದೆ. ನೀವು ಮನೆ ಮಾರಿದರೆ ಕೊಂಡವರಿಗೆ ಹೋಗುತ್ತದೆ. ಮಾಲೀಕ ರಸ್ತೆಯನ್ನೇ ಇನ್ನೊಬ್ಬರಿಗೆ ಮಾರಿದ ಅಂತ ಸಾಮಾನ್ಯವಾಗಿ ಅಳಿಸಿ ಹೋಗುವುದಿಲ್ಲ. ಇದನ್ನೇ ಈಸ್‌ಮೆಂಟ್ ಹಕ್ಕು ಅನ್ನುವುದು. ಇಂಗ್ಲೆಂಡಿನ ಕಾನೂನಿನ ಜಾಡಿನಲ್ಲಿ ಬೆಳೆದ ದೇಶಗಳಲ್ಲೆಲ್ಲ ಇದು ಹೆಚ್ಚುಕಡಿಮೆ ಒಂದೇ ಥರ ಇದೆ. ಭಾರತದಲ್ಲಿ ಇದಕ್ಕಾಗಿಯೇ 1882ರ ಈಸ್‌ಮೆಂಟ್ ಕಾಯ್ದೆ ಇದೆ. ಅದರ 27ನೇ ಸೆಕ್ಷನ್ ಹೇಳುವ ಎರಡು ಮಾತು ಈ ಥರದ ಜಗಳಗಳಿಗೆಲ್ಲ ಮೂಲ. ಒಂದು, ನೆಲದ ಮಾಲೀಕ ನಿಮ್ಮ ಅನುಕೂಲಕ್ಕಾಗಿ ಏನನ್ನೂ ಮಾಡಿಕೊಡಬೇಕಾಗಿಲ್ಲ. ಎರಡು, ನಿಮ್ಮ ಹಕ್ಕಿಗೆ ಅಡ್ಡಿಯಾಗುವಂಥದ್ದನ್ನು ಅವನು ಮಾಡುವಂತಿಲ್ಲ.

ಮೊದಲನೇ ಮಾತು ಕೇಳಿ ತುಂಬಾ ಜನ ಬೇಸರ ಮಾಡಿಕೊಳ್ಳುತ್ತಾರೆ. "ರಸ್ತೆ ಅವನದ್ದು, ಗುಂಡಿ ಮುಚ್ಚೋದೂ ಅವನ ಕೆಲಸ ಅಲ್ವಾ?" ಕ್ರಯಪತ್ರದಲ್ಲೋ ಒಪ್ಪಂದದಲ್ಲೋ ಹಾಗೆ ಬರೆದಿದ್ದರೆ ಹೌದು. ಬರೆದಿಲ್ಲ ಅಂದರೆ ಬರೀ ಮಾಲೀಕ ಅನ್ನುವ ಕಾರಣಕ್ಕೆ ಅವನ ಮೇಲೆ ಆ ಹೊರೆ ಬೀಳುವುದಿಲ್ಲ. ಆದರೆ ನೀವೇ ಖರ್ಚು ಹಾಕಿ ರಿಪೇರಿ ಮಾಡಿಸಿಕೊಳ್ಳುತ್ತೇವೆ ಅಂದರೆ ಅವನು ತಡೆಯುವ ಹಾಗೂ ಇಲ್ಲ. ಹಕ್ಕನ್ನು ಪೂರ್ತಿಯಾಗಿ ಬಳಸಿಕೊಳ್ಳಲು ಬೇಕಾದ ಕೆಲಸವನ್ನು, ಮಾಲೀಕನಿಗೆ ಆದಷ್ಟು ಕಡಿಮೆ ತೊಂದರೆ ಆಗುವ ಹಾಗೆ, ನೀವೇ ಮಾಡಿಸಿಕೊಳ್ಳಬಹುದು.

ಈ ಹಕ್ಕು ನಿಮಗೆ ಬಂದಿದ್ದು ಎಲ್ಲಿಂದ? ಕ್ರಯಪತ್ರ ತೆಗೆದು ಚಕ್ಕುಬಂದಿ, ಅಂದರೆ ಸೈಟಿನ ನಾಲ್ಕು ದಿಕ್ಕಿನ ಎಲ್ಲೆಯ ವಿವರ, ನೋಡಿ. "ಪೂರ್ವಕ್ಕೆ ರಸ್ತೆ" ಅಂತ ಬರೆದು, ಜೊತೆಗೆ ಲಗತ್ತಿಸಿದ ನಕ್ಷೆಯಲ್ಲಿ ಆ ರಸ್ತೆ ತೋರಿಸಿ ಮಾರಿದ್ದರೆ ಅರ್ಧ ಕೆಲಸ ಮುಗಿದ ಹಾಗೆ. ನಕ್ಷೆಯಲ್ಲಿ ರಸ್ತೆ ತೋರಿಸಿ ಸೈಟು ಮಾರಿದವರು ಆಮೇಲೆ "ಅದು ನನ್ನ ಖಾಸಗಿ ಜಾಗ" ಅಂದರೆ ಕೋರ್ಟು ಅದನ್ನು ಸುಲಭಕ್ಕೆ ಒಪ್ಪುವುದಿಲ್ಲ. ಬೇರೆ ದಾರಿಯೇ ಇಲ್ಲದ ಸೈಟಾದರೆ, ದೊಡ್ಡ ಜಮೀನನ್ನು ತುಂಡು ಮಾಡಿ ಮಾರಿದಾಗಲೇ ಅಗತ್ಯದ ದಾರಿ ಹಕ್ಕು ಹುಟ್ಟಿರುತ್ತದೆ. ಕಾಗದದಲ್ಲಿ ಏನೂ ಇಲ್ಲ, ಆದರೂ 20 ವರ್ಷ ಬಹಿರಂಗವಾಗಿ, ತಂಟೆ ತಕರಾರಿಲ್ಲದೆ, ಹಕ್ಕಿನಿಂದ ಓಡಾಡಿದ್ದೀರಿ ಅಂದರೆ ಅದರಿಂದಲೂ ಹಕ್ಕು ಬರುತ್ತದೆ. ಅನುಮತಿ ಕೇಳಿ ಓಡಾಡಿದ್ದರೆ ಮಾತ್ರ ಎಷ್ಟು ವರ್ಷವಾದರೂ ಲೆಕ್ಕಕ್ಕಿಲ್ಲ. ಅದಕ್ಕೇ ಜಾಣ ಮಾಲೀಕರು "ಮಾಲೀಕರ ಅನುಮತಿ ಮೇರೆಗೆ ಪ್ರವೇಶ" ಅಂತ ಬೋರ್ಡು ಹಾಕುವುದು. ನ್ಯೂಯಾರ್ಕಿನ ರಾಕ್‌ಫೆಲ್ಲರ್ ಪ್ಲಾಜಾ ಅನ್ನುವ ರಸ್ತೆ ಖಾಸಗಿಯದ್ದು. ಸಾರ್ವಜನಿಕ ಹಕ್ಕು ಬೆಳೆಯಬಾರದು ಅಂತಲೇ ಅದನ್ನು ವರ್ಷಕ್ಕೊಂದು ದಿನ ಮುಚ್ಚುತ್ತಾ ಬಂದಿದ್ದಾರೆ.

ಹಕ್ಕು ಇದೆ ಅಂದಕೂಡಲೇ ಎಲ್ಲಾ ಬಂತು ಅಂತಲ್ಲ. ಓಡಾಡುವ ಹಕ್ಕಿನಲ್ಲಿ ಗಾಡಿ ನಿಲ್ಲಿಸುವ ಹಕ್ಕು ತಾನಾಗಿ ಸೇರಿರುವುದಿಲ್ಲ. ರಸ್ತೆ ಅಗೆದು ನೀರಿನ ಪೈಪು, ಕೇಬಲ್ ಎಳೆಯುವುದಕ್ಕೂ ಅಷ್ಟೇ, ಅದಕ್ಕೆ ಬೇರೆಯೇ ಹಕ್ಕು ಬೇಕು. ಮನೆ ಕೊಳ್ಳುವಾಗ ಇದನ್ನು ಕೇಳುವವರು ಬಹಳ ಕಡಿಮೆ, ಕನೆಕ್ಷನ್ ತೆಗೆದುಕೊಳ್ಳುವ ದಿನ ಮಾಲೀಕ ಅಡ್ಡ ನಿಂತಾಗಲೇ ಗೊತ್ತಾಗುವುದು. ಹಾಗೇ, ಹಿಂದಿನ ಜಮೀನನ್ನೂ ಕೊಂಡು ನಿಮ್ಮ ಸೈಟಿನ ಮೂಲಕ ಅದಕ್ಕೂ ಇದೇ ರಸ್ತೆ ಬಳಸುತ್ತೇನೆ ಅಂದರೆ ನಡೆಯುವುದಿಲ್ಲ. ಹಕ್ಕು ಯಾವ ಸೈಟಿಗೆ ಬಂದಿದೆಯೋ ಆ ಸೈಟಿಗಷ್ಟೇ.

ಈಗ ಗೇಟು. ಗೇಟು ಹಾಕಿದ ಮಾತ್ರಕ್ಕೆ ಅದು ಅಡ್ಡಿ ಅಂತ ಕೋರ್ಟುಗಳು ಹೇಳುವುದಿಲ್ಲ. ಮೊದಲಿನಷ್ಟೇ ಸಲೀಸಾಗಿ ಓಡಾಡಲು ಆಗುತ್ತಾ ಅನ್ನೋದನ್ನು ನೋಡುತ್ತವೆ. ಎಲ್ಲರಿಗೂ ಕೀಲಿ ಕೊಟ್ಟು ಹಗಲು ತೆರೆದಿಡುವ ಗೇಟು ಉಳಿಯಬಹುದು, ಕೀಲಿ ಒಬ್ಬರ ಜೇಬಿನಲ್ಲಿ ಇರುವ ಗೇಟು ಉಳಿಯುವುದು ಕಷ್ಟ. ಮನೆಗೆ ಬರುವ ನೆಂಟರು, ಕೆಲಸದವರು, ಸಾಮಾನು ತರುವವರು, ಇವರೆಲ್ಲ ನಿಮ್ಮ ಹಕ್ಕಿನ ಮೇಲೇ ಬರುವವರು. ರಾತ್ರಿ 2 ಗಂಟೆಗೆ ಆಂಬುಲೆನ್ಸ್ ಬಂದು ಗೇಟಿನ ಮುಂದೆ ನಿಂತಿದೆ, ಡ್ರೈವರು ಹಾರ್ನ್ ಹೊಡೆಯುತ್ತಿದ್ದಾನೆ, ಕೀಲಿ ಇಟ್ಟುಕೊಂಡವರು ಊರಲ್ಲಿಲ್ಲ. ಸಭೆಯಲ್ಲಿ ಗೇಟಿನ ಬಣ್ಣದ ಬಗ್ಗೆ ಮಾತಾಡುವ ಮೊದಲು ಇದರ ಬಗ್ಗೆ ಮಾತಾಡಬೇಕು ಅಂತ ನಾನು ಒತ್ತಿ ಹೇಳುತ್ತೇನೆ.

ಬಹುಮತ ಇದ್ದರೆ ಸಾಕಾ? ಸಂಘ ಅನ್ನುವುದು ಅದರ ಬೈಲಾ, ಅಂದರೆ ನಿಯಮಾವಳಿ, ಎಷ್ಟು ಅಧಿಕಾರ ಕೊಟ್ಟಿದೆಯೋ ಅಷ್ಟರೊಳಗೇ ತೀರ್ಮಾನ ಮಾಡಬೇಕು. ಸಭೆಗೆ ಸರಿಯಾಗಿ ನೋಟಿಸ್ ಕೊಟ್ಟಿದ್ದರಾ, ಗೇಟಿನ ವಿಷಯ ನೋಟಿಸ್‌ನಲ್ಲಿ ಇತ್ತಾ ಅಥವಾ ಕೊನೆಗೆ "ಇತರ ವಿಷಯಗಳು" ಅಂತ ತುರುಕಿದರಾ, ಕೋರಂ (ಸಭೆ ನಡೆಸಲು ಬೇಕಾದಷ್ಟು ಸದಸ್ಯರು) ಇತ್ತಾ, ಠರಾವು ಪುಸ್ತಕದಲ್ಲಿ ಏನು ಬರೆದಿದ್ದಾರೆ, ಇವನ್ನು ನೋಡಿ. ಎಲ್ಲಾ ಸರಿ ಇದ್ದರೂ ಒಂದು ಗೆರೆ ಇದೆ. ರಸ್ತೆಯನ್ನು ಹೇಗೆ ನೋಡಿಕೊಳ್ಳಬೇಕು, ಯಾವಾಗ ಡಾಂಬರು, ಎಲ್ಲಿ ಹಂಪು, ಇದು ಬಹುಮತಕ್ಕೆ ಬಿಟ್ಟ ವಿಷಯ. ಒಬ್ಬರ ಸೈಟಿಗಿರುವ ದಾರಿ ಹಕ್ಕನ್ನು ಕಿತ್ತುಕೊಳ್ಳುವುದು ಬಹುಮತದ ಕೈಯಲ್ಲಿಲ್ಲ, 50 ಮನೆಯವರಲ್ಲಿ 49 ಜನ ಕೈ ಎತ್ತಿದರೂ ಇಲ್ಲ. ಇನ್ನೊಂದು ಮಾತು: ರಸ್ತೆ ಸಂಘದ ಹೆಸರಿನಲ್ಲಿ ಇಲ್ಲದೆ ಬಡಾವಣೆ ಮಾಡಿದವರ ಹೆಸರಿನಲ್ಲೇ ಇದ್ದರೆ, ಅವರ ನೆಲದಲ್ಲಿ ಕಂಬ ನೆಡಲು ಸಂಘಕ್ಕೆ ಅವರ ಒಪ್ಪಿಗೆಯೂ ಬೇಕು. ನಿಮ್ಮ ಪ್ರಶ್ನೆಯಲ್ಲಿ ಆ ಒಪ್ಪಿಗೆಯ ಸುದ್ದಿಯೇ ಇಲ್ಲ. ಸಂಘದವರನ್ನು ಮೊದಲು ಅದನ್ನೇ ಕೇಳಿ.

ದುಡ್ಡಿನ ವಿಷಯದಲ್ಲಿ ನೀವು ಸ್ವಲ್ಪ ಬಗ್ಗಬೇಕಾಗಬಹುದು. 1950ರ ದಶಕದಲ್ಲಿ ಇಂಗ್ಲೆಂಡಿನಲ್ಲಿ ತೀರ್ಪಾದ ಹಾಲ್ಸಾಲ್ ಮತ್ತು ಬ್ರಿಜೆಲ್ ಕೇಸು ಇಂಥದ್ದೇ. ಲಿವರ್‌ಪೂಲ್‌ನ ಒಂದು ಖಾಸಗಿ ಬಡಾವಣೆ, 1851ರ ಪತ್ರದಲ್ಲಿ ಸೈಟು ಕೊಂಡವರು ರಸ್ತೆ, ಚರಂಡಿಯ ಖರ್ಚಿಗೆ ತಮ್ಮ ಪಾಲು ಕೊಡುತ್ತೇವೆ ಅಂತ ಒಪ್ಪಿದ್ದರು. ನೂರು ವರ್ಷ ಆದಮೇಲೆ ಮನೆ ಬೇರೆಯವರ ಕೈ ಸೇರಿತ್ತು. ಆ ಪತ್ರಕ್ಕೆ ಸಹಿ ಹಾಕಿದ್ದು ಅವರಲ್ಲ. ಆದರೂ ಆ ಪತ್ರದಿಂದ ಬಂದ ರಸ್ತೆಯನ್ನು ಬಳಸುತ್ತಾ, ಅದೇ ಪತ್ರ ಹೊರಿಸಿದ ಖರ್ಚು ಬೇಡ ಅನ್ನುವ ಹಾಗಿಲ್ಲ ಅಂತ ಕೋರ್ಟು ಹೇಳಿತು. ನನಗೂ ಅದೇ ಸರಿ ಅನ್ನಿಸುತ್ತದೆ. ನೀವು ದಿನಾ ಓಡಾಡುವ ರಸ್ತೆಯ ಗುಂಡಿಯನ್ನು ಪಕ್ಕದ ಮನೆಯವರ ದುಡ್ಡಿನಲ್ಲಿ ಮುಚ್ಚಿಸುವುದು ಒಳ್ಳೆಯದಲ್ಲ. ಹಾಗಂತ ಎಷ್ಟು ಕೇಳಿದರೆ ಅಷ್ಟು ಕೊಡಬೇಕು ಅಂತಲೂ ಇಲ್ಲ: ಪಾಲು ಹೇಗೆ ಲೆಕ್ಕ ಹಾಕಬೇಕು ಅಂತ ಪತ್ರದಲ್ಲಿ ಇದ್ದರೆ ಹಾಗೇ ಹಾಕಬೇಕು, ಗುತ್ತಿಗೆದಾರನ ಕೊಟೇಶನ್ ಮತ್ತು ಬಿಲ್ಲು ಕೇಳಬಹುದು, ಗೇಟಿನ ಖರ್ಚನ್ನು ಡಾಂಬರಿನ ಲೆಕ್ಕದೊಳಗೆ ಸೇರಿಸಿದ್ದರೆ ಬೇರೆ ಮಾಡಿಸಬಹುದು.

ಹಂಚಿಕೊಂಡ ರಸ್ತೆಯ ಲೆಕ್ಕಪತ್ರ ನೋಡಿಕೊಳ್ಳುವವರು ಯಾರು ಅಂತ ಮರೆತರೆ ಏನಾಗುತ್ತದೆ ಅನ್ನೋದಕ್ಕೆ ಸ್ಯಾನ್ ಫ್ರಾನ್ಸಿಸ್ಕೋದ ಪ್ರೆಸಿಡಿಯೋ ಟೆರೇಸ್ ನೋಡಿ. ತುಂಬಾ ಶ್ರೀಮಂತರ ಖಾಸಗಿ ಬೀದಿ ಅದು. ರಸ್ತೆಯ ಮೇಲಿನ ತೆರಿಗೆ ವರ್ಷಕ್ಕೆ ಬರೀ 14 ಡಾಲರ್. ಬಿಲ್ಲು ಹೋಗುತ್ತಿದ್ದದ್ದು ಎಂದೋ ಕೆಲಸ ಬಿಟ್ಟಿದ್ದ ಲೆಕ್ಕಿಗರ ವಿಳಾಸಕ್ಕೆ, ಹಾಗಾಗಿ ವರ್ಷಗಟ್ಟಲೆ ಯಾರೂ ಕಟ್ಟಲಿಲ್ಲ. 2015ರಲ್ಲಿ ನಗರಾಡಳಿತ ರಸ್ತೆಯನ್ನೇ ಹರಾಜು ಹಾಕಿತು, ಹೊರಗಿನ ದಂಪತಿ 90,000 ಡಾಲರ್‌ಗಿಂತ ಸ್ವಲ್ಪ ಜಾಸ್ತಿ ಕೊಟ್ಟು ಕೊಂಡರು. ಅಲ್ಲಿನ ನಿವಾಸಿಗಳಿಗೆ ವಿಷಯ ತಿಳಿದಿದ್ದು 2017ರಲ್ಲಿ. ಕೊನೆಗೆ ನಗರದ ಆಡಳಿತ ಮಂಡಳಿ ಆ ಮಾರಾಟ ರದ್ದು ಮಾಡಿತು, ಆದರೆ ಅಷ್ಟು ಹೊತ್ತಿಗೆ ಸಾಕಷ್ಟು ಜಗಳ ಆಗಿತ್ತು. ನಿಮ್ಮ ರಸ್ತೆಯ ತೆರಿಗೆ ಯಾರು ಕಟ್ಟುತ್ತಿದ್ದಾರೆ ಅಂತ ಮುಂದಿನ ಸಭೆಯಲ್ಲಿ ಕೇಳಿ.

ಸದ್ಯಕ್ಕೆ ನೀವು ಮಾಡಬೇಕಾದ್ದು ಜಾಸ್ತಿ ಇಲ್ಲ. ಕ್ರಯಪತ್ರ, ನಕ್ಷೆ, ಬೈಲಾ, ಆ ದಿನದ ಠರಾವಿನ ಪ್ರತಿ ಒಂದು ಕಡೆ ಇಟ್ಟುಕೊಳ್ಳಿ. ಡಾಂಬರಿಗೆ ಒಪ್ಪಿಗೆ, ಗೇಟಿಗೆ ಆಕ್ಷೇಪ, ಯಾಕೆ ಅಂತ ಎರಡು ಸಾಲು ಸೇರಿಸಿ ಸಂಘಕ್ಕೂ ಮಾಲೀಕರಿಗೂ ಪತ್ರ ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ. ಬರೀ ಬಾಯಲ್ಲಿ ಹೇಳಿದರೆ ಆಮೇಲೆ ಯಾರೂ ನೆನಪಿಟ್ಟುಕೊಳ್ಳುವುದಿಲ್ಲ. ಸುಮ್ನೆ ನೋಡುತ್ತಾ ಕೂತು, ಗೇಟು ಬಂದು ಎಷ್ಟೋ ವರ್ಷ ಆದಮೇಲೆ ಕೋರ್ಟಿಗೆ ಹೋದರೆ "ಇಷ್ಟು ದಿನ ಒಪ್ಪಿಕೊಂಡಿದ್ದಿರಲ್ಲ" ಅನ್ನುವ ಮಾತು ಬಂದೇ ಬರುತ್ತದೆ. ಕೆಲಸ ಶುರುವಾಗುವ ಸೂಚನೆ ಕಂಡರೆ ತಡೆಯಾಜ್ಞೆ ಕೇಳಬಹುದು, ಆದರೆ ಅದಕ್ಕೆ ಮೊದಲು ಕೀಲಿ, ರಾತ್ರಿ ವೇಳೆ, ಆಂಬುಲೆನ್ಸ್ ಈ ಮೂರನ್ನು ಬರವಣಿಗೆಯಲ್ಲಿ ಒಪ್ಪಿಸಿಕೊಳ್ಳಲು ಒಮ್ಮೆ ಕೂತು ಮಾತಾಡಿ. ಒಪ್ಪಿದರೆ ಅದನ್ನು ಠರಾವು ಪುಸ್ತಕದಲ್ಲೇ ಬರೆಸಿ ಸಹಿ ಹಾಕಿಸಿ.