ದನ ಅಟ್ಟುತ್ತಿದ್ದ ನಾಯಿ ಗೇಟು ಕಾಯುವಾಗ

ರಾಟ್‌ವೀಲರ್ ಮರಿ ತರಲು ಹೋದವರು ಮೊದಲು ನೋಡುವುದು ತಲೆಯ ಗಾತ್ರ, ಕಾಲಿನ ದಪ್ಪ. ಮಾರುವವರೂ ಅದನ್ನೇ ಹೊಗಳುತ್ತಾರೆ: ‘ಡಬಲ್ ಬೋನ್ ಸಾರ್, ಷೋ ಕ್ವಾಲಿಟಿ’. ಮರಿಯ ಅಪ್ಪ-ಅಮ್ಮನ ಸ್ವಭಾವ ಹೇಗಿದೆ ಎಂದು ಕೇಳುವವರು ಅಪರೂಪ. ಮುಂದಿನ ಹತ್ತು ವರ್ಷ ಮನೆಯಲ್ಲಿ ಬಾಳಬೇಕಾದದ್ದು ಆ ಸ್ವಭಾವದ ಜೊತೆಗೆ.

ಜರ್ಮನಿಯ ನೈಋತ್ಯದಲ್ಲಿ, ನೆಕ್ಕರ್ ನದಿಯ ದಡದಲ್ಲಿರುವ ರಾಟ್‌ವೈಲ್ ರೋಮನ್ನರ ಕಾಲದ ಊರು. ಸೈನ್ಯದ ಊಟಕ್ಕೆಂದು ಹೊಡೆದುಕೊಂಡು ಬಂದ ದನಗಳ ಜೊತೆಗಿದ್ದ ನಾಯಿಗಳೇ ಈ ತಳಿಯ ಮೂಲ ಎನ್ನುತ್ತಾರೆ. ಊರು ದನದ ವ್ಯಾಪಾರಕ್ಕೆ ಹೆಸರಾದ ಮೇಲೆ ಕಟುಕರು ಇವನ್ನು ಸಾಕಿದರು. ದನ ಅಟ್ಟುವುದು, ಗಾಡಿ ಎಳೆಯುವುದು, ಮಾಲು ಕಾಯುವುದು ಇವುಗಳ ಕೆಲಸ. ವ್ಯಾಪಾರ ಮುಗಿಸಿ ಮರಳುವಾಗ ದುಡ್ಡಿನ ಚೀಲವನ್ನು ನಾಯಿಯ ಕೊರಳಿಗೇ ಕಟ್ಟುತ್ತಿದ್ದರೆಂಬ ಪ್ರತೀತಿಯೂ ಇದೆ. 19ನೇ ಶತಮಾನದಲ್ಲಿ ದನ ಸಾಗಿಸಲು ರೈಲು ಬಂತು, ನಾಯಿಗೆ ಕೆಲಸ ತಪ್ಪಿತು. 1882ರ ಹೈಲ್‌ಬ್ರಾನ್ ಶ್ವಾನ ಪ್ರದರ್ಶನಕ್ಕೆ ಬಂದದ್ದು ಒಂದೇ ರಾಟ್‌ವೀಲರ್, ಅದೂ ಸಾಧಾರಣದ್ದು. 1910ರಲ್ಲಿ ಪೊಲೀಸ್ ನಾಯಿಯೆಂದು ಮಾನ್ಯತೆ ಸಿಕ್ಕ ಮೇಲೆ ತಳಿ ಚೇತರಿಸಿಕೊಂಡಿತು. 1921ರಲ್ಲಿ ಹುಟ್ಟಿದ ಜರ್ಮನಿಯ ತಳಿ ಸಂಘ ಎಡಿಆರ್‌ಕೆಯಲ್ಲಿ ಇಂದಿಗೂ ಸೊಂಟದ ಕೀಲಿನ ಎಕ್ಸ್‌ರೇ ಮತ್ತು ಸ್ವಭಾವ ಪರೀಕ್ಷೆ ದಾಟದ ನಾಯಿಯಿಂದ ಮರಿ ಮಾಡಿಸುವಂತಿಲ್ಲ. ನಮ್ಮಲ್ಲಿ ಕೊಳ್ಳುವವರೇ ಇದನ್ನು ಕೇಳಿ ನೋಡಬೇಕು.

ಗಂಡು ಭುಜದವರೆಗೆ 61ರಿಂದ 68 ಸೆಂ.ಮೀ. ಎತ್ತರ, ಸುಮಾರು 50 ಕೆ.ಜಿ. ತೂಕ, ಹೆಣ್ಣು 56ರಿಂದ 63 ಸೆಂ.ಮೀ., ಸುಮಾರು 42 ಕೆ.ಜಿ. ಮೈ ಕಪ್ಪು. ಎರಡು ಕಣ್ಣಿನ ಮೇಲೆ, ಕೆನ್ನೆ, ಮೂತಿ, ಎದೆ, ಕಾಲು, ಬಾಲದ ಬುಡದಲ್ಲಿ ಗಡಿ ಸ್ಪಷ್ಟವಾಗಿರುವ ಕೆಂಗಂದು ಗುರುತು. ‘ರೆಡ್’, ‘ಬ್ಲೂ’ ರಾಟ್‌ವೀಲರ್ ಎಂದು ಹೆಚ್ಚು ಬೆಲೆಗೆ ಮಾರುವ ಮರಿಗಳು ತಳಿಯ ಮಾನದಂಡಕ್ಕೆ ಹೊರಗಿನವು. ಬಾಲವೂ ಇರಬೇಕು, ಕತ್ತರಿಸುವುದನ್ನು ಜರ್ಮನಿ 1998ರಲ್ಲೇ ನಿಷೇಧಿಸಿದೆ. ಇನ್ನು 65 ಕೆ.ಜಿ. ನಾಯಿ ಎಂದು ಬೀಗುವವರ ನಾಯಿಯ ಪಕ್ಕೆ ಮುಟ್ಟಿದರೆ ಸಾಮಾನ್ಯವಾಗಿ ಕೈಗೆ ಸಿಗುವುದು ಕೊಬ್ಬು.

ಈ ನಾಯಿ ಸುಮ್ಮಸುಮ್ಮನೆ ಬೊಗಳುವುದು ಕಡಿಮೆ. ಅಪರಿಚಿತರು ಬಂದರೆ ನಿಂತು ನೋಡುತ್ತದೆ, ಆಮೇಲೆ ತೀರ್ಮಾನಿಸುತ್ತದೆ. ಮನೆಯವರಿಗೆ ಮೈ ಒತ್ತಿ ಒರಗುವುದು, ಓಡುವ ಮಕ್ಕಳನ್ನು ಭುಜದಿಂದ ತಳ್ಳಿ ತಿರುಗಿಸುವುದು ದನ ಅಟ್ಟುತ್ತಿದ್ದ ಕಾಲದ ಅಭ್ಯಾಸ. ಇದರಲ್ಲಿ ಸಿಟ್ಟಿಲ್ಲ, ಆದರೆ ನಾಲ್ಕು ವರ್ಷದ ಮಗು ಬೀಳುವುದಂತೂ ಖಂಡಿತ. ದೊಡ್ಡವರಿಲ್ಲದೆ ಇಬ್ಬರನ್ನೂ ಒಟ್ಟಿಗೆ ಬಿಡಬೇಡಿ. ಮುದ್ದು ಮಾಡುವಾಗ ಗಂಟಲಲ್ಲಿ ಗುರುಗುಟ್ಟುವುದೂ ಉಂಟು. ಆಗ ಮೈ ಸಡಿಲವಾಗಿದ್ದರೆ ಅದು ಸಂತೋಷ. ಬಾಯಿ ಮುಚ್ಚಿ, ಮೈ ಬಿಗಿದು, ಕಣ್ಣಂಚಿನ ಬಿಳಿ ಕಂಡರೆ ಕೈ ಹಿಂದೆಗೆಯಿರಿ. ಗುರ್ ಎಂದದ್ದಕ್ಕೆ ಹೊಡೆಯಬಾರದು: ಹೊಡೆದರೆ ಎಚ್ಚರಿಕೆ ಕೊಡುವುದನ್ನು ಬಿಟ್ಟು ನೇರ ಕಚ್ಚುವುದನ್ನು ಕಲಿಯುತ್ತದೆ. ಕಾವಲು ಚುರುಕಾಗಲಿ ಎಂದು ಹಗಲೆಲ್ಲ ಸರಪಳಿಯಲ್ಲಿ ಕಟ್ಟುವುದು ಇನ್ನೂ ಕೆಟ್ಟದ್ದು. ಕಟ್ಟಿದ ನಾಯಿಗೆ ದೂರ ಸರಿಯುವ ದಾರಿಯಿಲ್ಲ, ಉಳಿಯುವುದು ಮೈಮೇಲೆ ಬೀಳುವುದೊಂದೇ.

2024ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ 23 ತಳಿಗಳ ನಿಷೇಧಕ್ಕೆ ಸುತ್ತೋಲೆ ಹೊರಡಿಸಿದಾಗ ಪಟ್ಟಿಯಲ್ಲಿ ರಾಟ್‌ವೀಲರ್ ಕೂಡ ಇತ್ತು. ಸಂಬಂಧಪಟ್ಟವರ ಮಾತು ಕೇಳದೆ ಹೊರಡಿಸಿದ್ದೆಂದು ಕರ್ನಾಟಕ ಹೈಕೋರ್ಟ್ ಏಪ್ರಿಲ್‌ನಲ್ಲಿ ಅದನ್ನು ರದ್ದುಮಾಡಿತು. ಹಾಗೆಂದು ಮಾಲೀಕರ ಹೊಣೆ ಕಳೆಯಲಿಲ್ಲ. ನಿರ್ಲಕ್ಷ್ಯದಿಂದ ನಾಯಿ ಯಾರನ್ನಾದರೂ ಕಚ್ಚಿದರೆ ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಮು ಇದ್ದೇ ಇದೆ.

ಮರಿ ಬಂದ ಮೊದಲ ತಿಂಗಳ ಇಕ್ಕಟ್ಟು ಪಾರ್ವೊ. ವಾಂತಿ, ರಕ್ತಭೇದಿ ತರುವ ಈ ವೈರಸ್ ಸೋಂಕು ರಾಟ್‌ವೀಲರ್ ಮರಿಗಳಿಗೆ ಬೇರೆ ತಳಿಗಳಿಗಿಂತ ಜೋರಾಗಿ ತಗಲುತ್ತದೆ. ತಾಯಿಯಿಂದ ಬಂದ ರೋಗನಿರೋಧಕ ಅಂಶ ಮರಿಯ ರಕ್ತದಲ್ಲಿ ಉಳಿದಿರುವವರೆಗೆ ಲಸಿಕೆ ಹಿಡಿಯುವುದಿಲ್ಲ, ಆ ಅಂಶ ಯಾವ ವಾರ ಇಳಿಯುತ್ತದೆಂದು ಹೇಳಲಾಗದು. ಅದಕ್ಕೇ 6–8 ವಾರಕ್ಕೆ ಶುರುಮಾಡಿ, 3–4 ವಾರಕ್ಕೊಮ್ಮೆ, 16 ವಾರ ದಾಟುವವರೆಗೆ ಹಾಕುವುದು. ಈ ತಳಿಗೆ 20ನೇ ವಾರದ ಹೊತ್ತಿಗೆ ಇನ್ನೊಂದು ಡೋಸ್ ಕೊಡುವುದು ಒಳ್ಳೆಯದು. ಆದರೆ ಮರಿ ಜಗತ್ತನ್ನು ಹೆದರದೆ ಒಪ್ಪಿಕೊಳ್ಳುವ ವಯಸ್ಸೂ 3ರಿಂದ 14 ವಾರವೇ. ಮನೆಯಲ್ಲೇ ಮುಚ್ಚಿಟ್ಟರೆ ಪಾರ್ವೊ ತಪ್ಪಬಹುದು, ವರ್ಷ ತುಂಬುವಾಗ ಹೆಲ್ಮೆಟ್ ಕಂಡರೆ ಎಗರುವ 45 ಕೆ.ಜಿ. ನಾಯಿ ಸಿಗುತ್ತದೆ. ಹಾಗಾಗಿ ಎತ್ತಿಕೊಂಡೇ ಹೊರಗೆ ಹೋಗಿ. ಬೀದಿಯ ಮಣ್ಣಿಗೆ, ಪಾರ್ಕಿನ ಹುಲ್ಲಿಗೆ ಇಳಿಸದೆ ಆಟೋ, ಕೊಡೆ, ಸಿಲಿಂಡರ್ ತರುವವರು, ಶಾಲೆಯ ಮಕ್ಕಳನ್ನೆಲ್ಲ ದಿನಕ್ಕೆ ಹತ್ತು ನಿಮಿಷ ತೋರಿಸಿ.

ಮರಿ ಸಾಕುವವರು ಮಾಡುವ ಇನ್ನೊಂದು ತಪ್ಪು ಕ್ಯಾಲ್ಸಿಯಂ ಸಿರಪ್ ಕುಡಿಸುವುದು. ಲಾರ್ಜ್ ಬ್ರೀಡ್ ಪಪ್ಪಿ ಫುಡ್ ತಿನ್ನುವ ಮರಿಗೆ ಅದು ಬೇಡವೇ ಬೇಡ. ಆರು ತಿಂಗಳೊಳಗಿನ ಮರಿಯ ಕರುಳಿಗೆ ಹೆಚ್ಚಾದ ಕ್ಯಾಲ್ಸಿಯಂ ತಡೆಯುವ ಶಕ್ತಿ ಸಾಲದು. ಮೂಳೆ, ಕೀಲು ಕೆಟ್ಟು ಕುಂಟುತ್ತದೆ. ಬರೀ ಚಿಕನ್-ಅನ್ನ ಹಾಕುವ ಮನೆಯಲ್ಲಿ ತೊಂದರೆ ತದ್ವಿರುದ್ಧ, ಅಲ್ಲಿ ಕ್ಯಾಲ್ಸಿಯಂ ಸಾಲುವುದಿಲ್ಲ. ಎಷ್ಟು ಸೇರಿಸಬೇಕೆಂದು ತೂಕ ನೋಡಿ ವೈದ್ಯರೇ ಹೇಳಬೇಕು. ಒಂದೂವರೆ ವರ್ಷದವರೆಗೆ ಮೆಟ್ಟಿಲ ಮೇಲೆ ಓಡಿಸುವುದು, ಜೀಪಿನಿಂದ ಹಾರಿಸುವುದು ಬೇಡ.

ದೊಡ್ಡ ನಾಯಿಗೆ ದಿನದ ಊಟ ಎರಡು ಹೊತ್ತಿಗೆ ಹಂಚಿ. ಉಂಡ ಮೇಲೆ ಹೊಟ್ಟೆ ತಮಟೆಯಂತೆ ಬಿಗಿದು, ವಾಂತಿಗೆ ಒದ್ದಾಡಿದರೂ ಏನೂ ಹೊರಬಾರದಿದ್ದರೆ ಜಠರ ತಿರುಚಿಕೊಂಡಿರಬಹುದು. ಜೀರಿಗೆ ಕಷಾಯ ಕುಡಿಸುತ್ತಾ ಬೆಳಗಿನವರೆಗೆ ಕಾಯಬೇಡಿ, ಶಸ್ತ್ರಚಿಕಿತ್ಸೆ ಸಿಗುವ ಆಸ್ಪತ್ರೆಗೆ ಆಗಲೇ ಹೊರಡಿ.

ಆರೇಳು ವರ್ಷದ ರಾಟ್‌ವೀಲರ್ ಮುಂಗಾಲು ಕುಂಟಿದರೆ ನೋವಿನ ಮಾತ್ರೆಯಲ್ಲೇ ವಾರಗಟ್ಟಲೆ ತಳ್ಳುವುದೂ ಬೇಡ. ಮಣಿಕಟ್ಟಿನ ಮೇಲ್ಭಾಗ, ಭುಜದ ಹತ್ತಿರ ಬರುವ ಮೂಳೆ ಕ್ಯಾನ್ಸರ್ ಈ ತಳಿಯಲ್ಲಿ ಹೆಚ್ಚು, ಮಾತ್ರೆಗೆ ಆ ಕುಂಟು ಕೆಲವು ದಿನ ಮರೆಯಾಗುತ್ತದೆ. ಎರಡು ಕೋನದಲ್ಲಿ ಎಕ್ಸ್‌ರೇ ತೆಗೆಸಿ. ವರ್ಷ ತುಂಬುವ ಮೊದಲೇ ಸಂತಾನಹರಣ ಮಾಡಿಸಿದ ರಾಟ್‌ವೀಲರ್‌ಗಳಲ್ಲಿ ಈ ಕ್ಯಾನ್ಸರ್ ಜಾಸ್ತಿ ಕಂಡುಬಂದಿದೆ, ಆದ್ದರಿಂದ ಆ ಶಸ್ತ್ರಚಿಕಿತ್ಸೆಯನ್ನು ಬೆಳವಣಿಗೆ ಮುಗಿದ ಮೇಲೆ ಇಟ್ಟುಕೊಳ್ಳಿ.