ಮರಿ ಸತ್ತಿದ್ದು ಚಳಿಗಲ್ರೀ, ಕತ್ತಲಿಗೆ

ಬೆಳಿಗ್ಗೆ ಆರಕ್ಕ ಫೋನ್ ಬಂತಂದ್ರ ಎತ್ತೂದಕ್ಕಿಂತ ಮೊದಲ ನನಗ ಗೊತ್ತಾಗ್ತದ, ಯಾರದೋ ಎಮ್ಮಿ ಈಯಾಕ ಒದ್ದಾಡಾಕತ್ತಿರಬೇಕು, ಇಲ್ಲಾ ಯಾರದೋ ಕೋಳಿ ಮರಿ ರಾತ್ರೋರಾತ್ರಿ ಸತ್ತಿರಬೇಕು. ಮರಿ ವಿಷಯ ಆದ್ರ ಮುಂದಿನ ಮಾತೂ ಗೊತ್ತು. "ಸರಾ, ಮರಿಗೆ ಕಾವಿಗಂತ ಹಾಕಿದ್ದ ಬಲ್ಬ್ ನಿನ್ನೆ ತಗದ್ವಿ, ಚಳಿಗೆ ಸತ್ತಾವ್ರೀ." ಮಾರ್ಚ್ ತಿಂಗಳದಾಗ! ಗಂಗಾವತಿ ಸೀಮಿಯೊಳಗ ಮಂದಿ ಅಂಗಳದಾಗ ಹೊರಸು ಹಾಕ್ಕೊಂಡು ಮಲಗೋ ಹೊತ್ನ್ಯಾಗ ಇವರ ಮರಿಗೆ ಅಷ್ಟ ಚಳಿ.

ಕಾರಟಗಿ ಕಡೀ ಒಬ್ಬ ಅಕ್ಕಾರು ಸಂಘದಾಗ ಸಾಲ ಎತ್ತಿ ಗಿರಿರಾಜ ತಳಿಯ 50 ಕೋಳಿ ಮರಿ ತಂದಿದ್ರು. 23ನೇ ದಿನ ರಾತ್ರಿ ಒಂಬತ್ತಕ್ಕ ಊಟ ಮುಗಿಸಿ ಬಲ್ಬ್ ಆರಿಸಿ ಮಲಗ್ಯಾರ, ಬೆಳಕಾದ ಮ್ಯಾಲ ನೋಡಿದ್ರ 18 ಸತ್ತಿದ್ವು. ಯೂರಿಯಾ ಚೀಲದಾಗ ಹಾಕ್ಕೊಂಡು ನಮ್ಮ ದನದ ದವಾಖಾನಿಗೆ ಬಂದು ಅಳಾಕತ್ತಿದ್ರು. ನಾನು ಎರಡು ಮರಿ ಕೊಯ್ದು ನೋಡಿದೆ, ಕುತ್ತಿಗಿ ಕೆಳಗಿನ ಮೇವಿನ ಚೀಲ ತುಂಬ ಫೀಡ್, ಅಂದ್ರ ರಾತ್ರಿ ಚಂದಂಗ ತಿಂದಾವ, ಕರುಳು ಸ್ವಚ್ಛ, ಮೈ ಮಾತ್ರ ತೊಯ್ದು ಚಪ್ಪಟಿ ಆಗಿತ್ತು. ಎಲ್ಲಿ ಬಿದ್ದಿದ್ವು ಅಂತ ಕೇಳಿದೆ. "ಎಲ್ಲಾ ಒಂದ ಮೂಲ್ಯಾಗ, ಒಂದರ ಮ್ಯಾಲ ಒಂದು ರೀ."

ಅವತ್ತು ಸಂಜಿಕ ನಾನ ಅವರ ಮನಿಗೆ ಹೋದೆ. ಉಳಿದ 32 ಮರಿ ಬಲ್ಬಿನಿಂದ ಮಾರು ದೂರ ಹಾಯಾಗಿ ಅಡ್ಡಾಡಾಕತ್ತಿದ್ವು, ಎರಡು ಮರಿ ಅಂತೂ ಬಾಯಿ ತೆಗೆದು ಏದುಸಿರು ಬಿಡಾಕತ್ತಿದ್ವು, ಅಂದ್ರ ಶೆಕಿ. "ಈಗ ಆರಸ್ರಿ" ಅಂದೆ. ಟಕ್ ಅಂತ ಆರಿಸಿದ್ರು. ಒಂದು ಗಳಿಗಿ ಸುಮ್ಮನ, ಆಮ್ಯಾಲ ಒಂದು ಮರಿ ಚೀಂ ಅಂತು, ಹಿಂದ ಎಲ್ಲಾವೂ ಒದರಿದ್ವು, ಟಾರ್ಚ್ ಹಾಕೂದ್ರೊಳಗ ಮೂಲ್ಯಾಗ ಗುಡ್ಡ ಬಿದ್ದಿತ್ತು. ಕೈ ಹಾಕಿ ಮ್ಯಾಲಿನ್ವು ತೆಗೆದ್ರ ಕೆಳಗಿನ್ವು ಕುತ್ತಿಗಿ ಚಾಚಿ ಗಾಳಿಗೆ ಬಾಯಿ ಬಿಡಾಕತ್ತಿದ್ವು. ನಾವಿಬ್ರೂ ಬೆವತು ನಿಂತಿದ್ವಿ ಅಲ್ಲಿ. ಎಲ್ಲೈತಿ ಚಳಿ? ಕತ್ತಲಿಗೆ ಹೆದರಿ ಒಂದರ ಮ್ಯಾಲ ಒಂದು ಬಿದ್ದು, ಕೆಳಗಿನ್ವು ಉಸಿರುಗಟ್ಟಿ ಸತ್ತಿದ್ವು.

ಇದೊಂದು ಮಾತು ಮಂದಿ ತಲಿಗೆ ಇಳಸಾಕ ನಾನು ಎಷ್ಟು ವರ್ಷದಿಂದ ಒದ್ದಾಡಾಕತ್ತೀನಿ. ಬಲ್ಬು ಎರಡು ಕೆಲಸ ಮಾಡ್ತದ, ಕಾವೂ ಕೊಡ್ತದ, ಬೆಳಕೂ ಕೊಡ್ತದ. ನೀವು ಲೆಕ್ಕ ಹಾಕೂದು ಕಾವಿಂದು ಅಷ್ಟ. ಹ್ಯಾಚರಿ ಮಷಿನ್‌ನಿಂದ ಬಾಕ್ಸಿಗೆ, ಬಾಕ್ಸಿನಿಂದ ನಿಮ್ಮ 100 ವ್ಯಾಟಿನ ಕೆಳಗ ಬಂದ ಮರಿ ಮೂರು ವಾರ ಕತ್ತಲ ರಾತ್ರಿ ಅಂಬೋದನ್ನ ನೋಡೇ ಇರಂಗಿಲ್ಲ. ನಾಟಿ ಕೋಳಿ ಮರಿ ನೋಡ್ರಿ, ಅದು ಮೊದಲನೇ ದಿನದಿಂದ ತಾಯಿ ರೆಕ್ಕಿ ಕೆಳಗ ಕಪ್ಪನ್ನ ಕತ್ತಲದಾಗ ಮಲಗಿರ್ತದ, ಅದಕ್ಕ ಕತ್ತಲಂದ್ರ ಅವ್ವ. ನಿಮ್ಮ ಮರಿಗೆ ಕತ್ತಲಂದ್ರ ಏನೋ ಬಂದು ಬಿತ್ತು ಅಂತ. ನಾನು ಹಿಂಗಂದಾಗ ಅಕ್ಕಾರು "ಕರೆಂಟ್ ಹೋದ್ರ ನಮ್ಮ ಸಣ್ಣ ಹುಡುಗ ಚೀರತಾನಲ್ರೀ, ಹಂಗ" ಅಂದ್ರು. ಹೂಂ, ಹಂಗ.

ಈ ಸಾವಿನ ಮ್ಯಾಲ ಮಂದಿ ಮಾಡೂದೇನು ಅಂದ್ರ ಹೆದರಿ ಮತ್ತ ಬಲ್ಬ್ ಹಾಕ್ತಾರ, ಎರಡು ತಿಂಗಳಾದ್ರೂ ತಗ್ಯಂಗಿಲ್ಲ. ತಗಡಿನ ಶೆಡ್ಡು, ಹೊರಗ 40 ಡಿಗ್ರಿ, ಒಳಗ ಬಲ್ಬು! ನೀವು ಆರಿಸದಿದ್ರೂ ಒಂದಿನ ನಡುರಾತ್ರಿ ಕರೆಂಟ್ ಹೋಗ್ತದ, ಆವಾಗ ಮರಿ ದೊಡ್ಡವಾಗಿರ್ತಾವ, ಗುಡ್ಡದ ಭಾರನೂ ಜಾಸ್ತಿ.

ಅದಕ್ಕ ಕತ್ತಲಿನ ರೂಢಿ ಮೊದಲನೇ ವಾರದಾಗ ಶುರು ಮಾಡ್ರಿ. ಮೊದಲ ಮೂರು ದಿನ ಬೇಡ, ನೀರು ಫೀಡ್ ಎಲ್ಲೈತಿ ಅಂತ ಕಲೀಲಿ. ಆಮ್ಯಾಲ ದಿನಾ ಸ್ವಲ್ಪ ಸ್ವಲ್ಪ ಹೊತ್ತು ಆರಸ್ರಿ, ಆರಿಸಿ ಅಲ್ಲೇ ನಿಂದ್ರಿ, ಟಾರ್ಚ್ ಕೈಯಾಗಿರಲಿ, ಗುಡ್ಡ ಬಿದ್ರ ಕೈಯಿಂದ ಹರವ್ರಿ. ವಾರದಾಗ ಒಂದು ತಾಸಿಗೆ ತರಬಹುದು. ಇನ್ನ ಪೂರ್ತಿ ಬಿಡಸೂ ದಿನ, ಇದನ್ನ ಎರಡು ಸಲ ಓದ್ರಿ, ರಾತ್ರಿ ಒಂಬತ್ತಕ್ಕ ಟಕ್ ಅಂತ ಆರಿಸಬ್ಯಾಡ್ರಿ. ಹೊತ್ತು ಮುಳುಗೂದಕ್ಕಿಂತ ಮೊದಲ ಆರಸ್ರಿ. ಕತ್ತಲು ತಾನಾಗೇ ನಿಧಾನಕ ಇಳೀತದ, ಮರಿ ಬೆಳಕಿದ್ದಾಗ್ಲೇ ಜಾಗ ನೋಡ್ಕೊಂಡು ಕೂಡ್ತಾವ, ಕೂತ ಮ್ಯಾಲ ಏಳಂಗಿಲ್ಲ. ಮೂಲಿಗಳಿಗೆ ರಟ್ಟು ಬಾಗಿಸಿ ಗುಂಡಗ ಮಾಡಿದ್ರ ಗುಡ್ಡ ಬೀಳಾಕ ಜಾಗನ ಇರಂಗಿಲ್ಲ.

ಎಷ್ಟನೇ ದಿನಕ್ಕ ಅಂತ ಕೇಳಬ್ಯಾಡ್ರಿ, ಕ್ಯಾಲೆಂಡರ್ ಬಿಟ್ಟು ಪುಕ್ಕ ನೋಡ್ರಿ. ಬೆನ್ನು, ಎದಿ ಮ್ಯಾಲಿನ ತುಪ್ಪಳ ಹೋಗಿ ಪುಕ್ಕ ಮುಚ್ಚಿರಬೇಕು. ನಮ್ಮ ಬ್ಯಾಸಗ್ಯಾಗ ಮೂರು ವಾರಕ್ಕ ಸಾಕಾಗಬಹುದು, ರಾಯಚೂರಿನ ಡಿಸೆಂಬರ್ ರಾತ್ರಿಗೆ ಐದಾರು ವಾರನೂ ಬೇಕಾದೀತು, ಆವಾಗ ಹಗಲು ಬಿಡಸ್ರಿ, ರಾತ್ರಿ ಇರಲಿ, 100 ಹೋಗಿ 60, 60 ಹೋಗಿ 40 ಹಿಂಗ ಇಳಸ್ರಿ. ಎಲ್‌ಇಡಿ ಹಾಕಿ ಕಾವು ಕೊಟ್ಟೀನಿ ಅಂಬೋರೂ ಸಿಕ್ಕಾರ ನನಗ, ಅದು ಬರೇ ದೀಪಾರೀ. ಹಂಗ ಚಳಿ ಅಂತ ಗೋಣಿ ತಟ್ಟು ಕಟ್ಟಿ ಸುತ್ತಾ ಬಿಗಿಬ್ಯಾಡ್ರಿ, ಗಾಳಿ ಆಡಾಕ ಮ್ಯಾಲ ಒಂದು ಗೇಣು ಬಿಡ್ರಿ. ಮರಿ ಎತ್ತರಕ್ಕ ಕುಕ್ಕರಗಾಲಿಲೆ ಕೂತು ಉಸಿರು ತಗೋರಿ, ನೆಲಕ್ಕ ಹಾಸಿದ ಹೊಟ್ಟಿನ ಘಾಟಿಗೆ ನಿಮ್ಮ ಕಣ್ಣಾಗ ನೀರು ಬಂದ್ರ ಅವು ಅಲ್ಲೇ ದಿನಾ ಇರ್ತಾವ.

ಎಲ್ಲಾ ಸಾವೂ ಕತ್ತಲಿಂದ ಅಂತ ನಾ ಹೇಳಾಕತ್ತಿಲ್ಲ ಮತ್ತ. ಹಸರು ಪಿಚಕಿ, ಗೊರ ಗೊರ ಉಸಿರು, ಕುತ್ತಿಗಿ ತಿರುವೂದು ಕಂಡ್ರ ಅದು ಕೊಕ್ಕರೆ ರೋಗ (ರಾಣಿಖೇತ್ ಅಂಬೋ ಅಂಟುರೋಗ) ಇರಬಹುದು, ಬಲ್ಬಿನ ಮಾತು ಬಿಟ್ಟು ಸೀದಾ ಡಾಕ್ಟರ ಹತ್ರ ಬರ್ರಿ. ವಾಟ್ಸಾಪಿಗೆ ಫೋಟೋ ಕಳಿಸಿ ಏನಾಗೈತಿ ಹೇಳ್ರಿ ಅಂದ್ರ ನನಗೂ ತಿಳಿಯಂಗಿಲ್ಲ. ಸತ್ತ ಮರಿನ ತಂಪು ಹೊತ್ತಿನ್ಯಾಗ, ಎಂಟರೊಳಗ ತರ್ರಿ. ಸಂತಿ ಮುಗಿಸ್ಕೊಂಡು ಮಧ್ಯಾಹ್ನ ತಂದ್ರ ನಮ್ಮ ಬಿಸಲಿಗೆ ಅದು ಕೊಳತಿರ್ತದ, ಕೊಯ್ದು ನೋಡಾಕ ಒಳಗ ಏನೂ ಉಳಿದಿರಂಗಿಲ್ಲ.